ಹತ್ತು ಪೈಸೆಯ ಐಸ್‌ಕ್ರೀಮಿನ ಮೇಲೆ ಸಂಶಯ

ನಾನು ಚಿಕ್ಕವಳಿದ್ದಾಗ ಇಡೀ ಸಿಂಧನೂರಿನಲ್ಲಿ ನಮ್ಮ ಅಪ್ಪನಷ್ಟು ಸಂಶಯದ ಮನುಷ್ಯ ಇನ್ನೊಬ್ಬನಿರಲಿಲ್ಲ. ಹಾಲಿನವಳ ಎದುರಿಗೇ ಹಾಲಿನ ಹನಿಯನ್ನು ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಯಾರದೋ ಐಸ್‌ಕ್ಯಾಂಡಿ ತಿಂದು ಅಕ್ಕ ಹದಿನೈದು ದಿನ ಜ್ವರದಲ್ಲಿ ಮಲಗಿದ ಮೇಲಂತೂ ಆ ಸಂಶಯಕ್ಕೆ ಮಿತಿಯೇ ಇರಲಿಲ್ಲ.

ಇಂಥ ಅಪ್ಪನಿಗೇ ಊರಿನವರು ಒಂದು ಕೆಲಸ ವಹಿಸಿದರು. ಕಾಲುವೆಯ ಹತ್ತಿರ ಹೊಸದಾಗಿ ಪಾರ್ಕು ಆಗಿತ್ತು. ಜೋಕಾಲಿಯ ಹಸಿರು ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಅದರೊಳಗೆ ಐಸ್‌ಕ್ರೀಮು ಮಾರಲು ಒಬ್ಬನಿಗಷ್ಟೇ ಜಾಗ. ಅಕ್ಕಿ ಗಿರಣಿಯ ಕೂಲಿಗಳ ಮಕ್ಕಳೂ ಕೊಂಡು ತಿನ್ನುವಂತಿರಬೇಕು. ಯಾರಿಗೆ ಕೊಡಬೇಕೆಂದು ಶಾಲೆಯ ಮಾಸ್ತರನಾದ ಅಪ್ಪನೇ ಹೇಳಬೇಕು.

ಒಂದು ಮುಂಜಾನೆ ಆ ಜಾಗ ಕೇಳಿಕೊಂಡು ಇಬ್ಬರು ನಮ್ಮ ಮನೆಗೆ ಬಂದರು. ಲಿಂಗಸುಗೂರಿನವನದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಂಟೆ ಕಟ್ಟಿದ ಗಾಡಿ, ಗುಲಾಬಿ ಬಣ್ಣದ ಐಸ್‌ಕ್ರೀಮು. ಬೆಲೆ ನಾಲ್ಕಾಣೆ, ಎಂದರೆ ಇಪ್ಪತ್ತೈದು ಪೈಸೆ. ಮಸ್ಕಿಯವನು ಬಸ್ಸಿನ ಧೂಳು ಮೆತ್ತಿಕೊಂಡು, ಹೆಗಲ ಮೇಲೆ ಮರದ ಬಕೀಟು ಹೊತ್ತು ಬಂದಿದ್ದ. ಅದರಲ್ಲಿ ಉಪ್ಪು ಹಾಕಿದ ಬರ್ಫು, ಬರ್ಫಿನ ನಡುವೆ ಐಸ್‌ಕ್ರೀಮಿನ ಡಬ್ಬಿ. ಮುತ್ತುಗದ ಎಲೆಯಲ್ಲಿ ಹಾಕಿ ಕೊಡುತ್ತಿದ್ದ. ಬೆಲೆ ಹತ್ತೇ ಪೈಸೆ.

ಅಪ್ಪ ಹುಬ್ಬು ಗಂಟಿಕ್ಕಿದ. "ಹತ್ತು ಪೈಸಾಕ್ಕ ನಿನಗ ಹ್ಯಾಂಗ ಗಿಟ್ತದ? ಏನ್ ಬೆರಸ್ತಿ?"

"ಏನೂ ಬೆರಸಂಗಿಲ್ರಿ ಮಾಸ್ತರ್ರ. ಹಾಲು, ಸಕ್ರಿ, ಯಾಲಕ್ಕಿ, ಅಷ್ಟ."

"ಎಲ್ಲಾರೂ ಹಂಗ ಅಂತಾರ," ಎಂದು ಅಪ್ಪ ಎರಡನ್ನೂ ಸ್ವಲ್ಪ ಸ್ವಲ್ಪ ಇಸಿದುಕೊಂಡು ಒಳಗೆ ಹೋದ. ಬಟ್ಟಲಿನಲ್ಲಿ ಕರಗಿಸಿ, ಬಿಳಿ ಧೋತರದಲ್ಲಿ ಸೋಸಿ ನೋಡಿದ. ಕಸ ಕಾಣಲಿಲ್ಲ. ಆದರೆ ನಶ್ಯದ ಚಟದಿಂದ ಅವನ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಅದಕ್ಕೆ, "ಮೂಸಿ ನೋಡಾಕ ನೀ ಅಲ್ಲೇ ಇರು," ಎಂದು ಒಳಗಿನಿಂದಲೇ ನನಗೆ ಕೂಗಿ ಹೇಳಿದ.

ಅಪ್ಪ ಹೊರಗೆ ಬರುವಷ್ಟರೊಳಗೆ ಲಿಂಗಸುಗೂರಿನವನು ನನ್ನನ್ನು ಬೇವಿನ ಗಿಡದ ಹಿಂದಕ್ಕೆ ಕರೆದು ಕೈಯಲ್ಲಿ ತನ್ನ ಐಸ್‌ಕ್ರೀಮಿನ ಒಂದು ಕಪ್ಪು ಇಟ್ಟ. "ಲಗೂನ ತಿನ್ನವ್ವ. ಮಸ್ಕಿಯವಂದು ವಾಸನಿ ಹೊಡಿತದ ಅಂತ ಅಂದುಬಿಡು, ಸಾಕು. ಪಾರ್ಕಿನ್ಯಾಗ ದಿನಾ ಒಂದು ಕೊಡ್ತೀನಿ." ಹಲ್ಲು ಜುಮ್ಮೆನ್ನುವವರೆಗೆ ಗಬಗಬ ತಿಂದೆ.

ಅಪ್ಪ ಮೊದಲು ಮಸ್ಕಿಯವನ ಎಲೆಯನ್ನು ನನ್ನ ಕೈಗೆ ಕೊಟ್ಟ. ಏಲಕ್ಕಿಯ ಪರಿಮಳ ಘಮ್ಮೆಂದಿತು. ನಾನು ಮೂಗು ಮುರಿದೆ. "ವಾಸನಿ ಹೊಡಿತದ, ಅಪ್ಪಾ."

ಮಸ್ಕಿಯವನು ನನ್ನ ಕೈಯಿಂದ ಎಲೆ ತೆಗೆದುಕೊಂಡು ತಾನೇ ಮೂಸಿ ನೋಡಿದ. "ಮುಂಜಾನಿ ಕಾಸಿದ ಹಾಲು, ಯವ್ವಾ," ಎಂದು ಮೆಲ್ಲಗೆ ಹೇಳಿ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಬಕೀಟಿನ ಮೇಲೆ ಗೋಣಿತಟ್ಟು ಮುಚ್ಚಿ ಹೊರಡಲು ಎದ್ದ.

ಆಗ ಹೊಸ್ತಿಲಲ್ಲಿ ಕುಳಿತಿದ್ದ ಅಕ್ಕ, "ಏ, ನಾಲಿಗಿ ಚಾಚು," ಎಂದಳು. ಚಾಚಿದೆ. "ಅಪ್ಪಾ, ಗುಲಾಬಿ ಐಸ್‌ಕ್ರೀಮು ಇಕಿಗೆ ಇನ್ನೂ ಕೊಟ್ಟೇ ಇಲ್ಲ. ನಾಲಿಗಿ ಯಾಕ ಗುಲಾಬಿ ಆಗೇದ?"

ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಹೇಳಿ ಮುಗಿಸುವುದರೊಳಗೆ ಗಂಟೆಯ ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗಿತ್ತು.

ಅಪ್ಪ ನನ್ನನ್ನು ಹೊಡೆಯಲಿಲ್ಲ. ಮಸ್ಕಿಯವನ ಕಡೆ ತಿರುಗಿ, "ಇಕಿ ಸುಳ್ಳು ಹೇಳ್ಯಾಳ ಅಂದ್ರ ನೀ ಖರೇ ಅಂತ ಅಲ್ಲ. ನಡಿ, ನಿನ್ನ ಮನಿ ನೋಡ್ತೀನಿ," ಎಂದ. ನನ್ನ ಕೈ ಹಿಡಿದು ಮಸ್ಕಿಯ ಬಸ್ಸು ಹತ್ತಿಸಿದ.

ಅವನ ಮನೆಯ ಅಂಗಳದಲ್ಲಿ ಎರಡು ಎಮ್ಮೆ ಕಟ್ಟಿದ್ದರು. ನೆರಳಿನಲ್ಲಿ ಅವನ ಹೆಂಡತಿ ಕಡ್ಡಿ ಚುಚ್ಚಿ ಮುತ್ತುಗದ ಎಲೆ ಹಚ್ಚುತ್ತಿದ್ದಳು. ಅಪ್ಪ ಹಾಲಿನ ಗಡಿಗೆಯೊಳಗೆ ಇಣುಕಿದ, ಬಾವಿಯ ನೀರನ್ನು ಬಿಸಿಲಿಗೆ ಹಿಡಿದು ನೋಡಿದ, ಸಕ್ಕರೆಯ ಡಬ್ಬಿಯಲ್ಲಿ ಕೈಯಾಡಿಸಿದ. ಆಕೆ ಅಪ್ಪನಿಗಿಂತ ಹೆಚ್ಚು ಸಂಶಯದಿಂದ ಗಂಡನನ್ನು ಕೇಳಿದಳು: "ಯಾರಿವ್ರು? ಜಪ್ತಿ ಮಾಡಾಕ ಬಂದಾರೇನು?"

ಮನೆಯದೇ ಹಾಲು, ಮನೆಯಲ್ಲೇ ಹಚ್ಚಿದ ಎಲೆ. ಹತ್ತು ಪೈಸೆಗೆ ಗಿಟ್ಟುವುದು ಹೇಗೆಂದು ಅಪ್ಪನಿಗೆ ಆಗ ತಿಳಿಯಿತು. ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ನೂಕಿದ. "ನಾ ಸುಳ್ಳು ಹೇಳಿದೆ," ಎಂದೆ. ಮಸ್ಕಿಯವನು ಇನ್ನೊಂದು ಎಲೆ ತುಂಬಿ ಕೊಟ್ಟ. "ಈಗ ಖರೇ ಹೇಳವ್ವ. ಹ್ಯಾಂಗೈತಿ?"

"ಚಲೋ ಐತಿ," ಎಂದು ಈ ಸಲ ಅವನ ಮುಖ ನೋಡಿ ಹೇಳಿದೆ.

ಪಾರ್ಕಿನ ಜಾಗ ಅವನಿಗೇ ಸಿಕ್ಕಿತು. ಆದರೂ ಅಪ್ಪ ಪ್ರತಿ ಸೋಮವಾರ ಹೋಗಿ ಡಬ್ಬಿ ತೆಗೆಸಿ ನೋಡುವುದನ್ನು ಬಿಡಲಿಲ್ಲ.

ಮಕ್ಕಳೇ, ಈಗ ನೀವು ಮೊಬೈಲಿನಲ್ಲಿ ಐಸ್‌ಕ್ರೀಮು ಆರಿಸುತ್ತೀರಿ. "ಅಜ್ಜಿ, ಇದಕ್ಕ ನಾಲ್ಕೂವರಿ ಸ್ಟಾರ್ ಅದ," ಎಂದು ತೋರಿಸುತ್ತೀರಿ. ಆ ಸ್ಟಾರ್ ಕೊಟ್ಟವರಲ್ಲಿ ನನ್ನಂಥವರು ಎಷ್ಟು ಜನರಿದ್ದಾರೋ ಎಂದು ನನಗೆ ಸಂಶಯ. ನೀವು ನಗುತ್ತೀರಿ. ತಿಂದಾದ ಮೇಲೆ ನೀವೂ ಒಂದೋ ಐದೋ ಸ್ಟಾರ್ ಒತ್ತಿ ಆಟಕ್ಕೆ ಓಡುತ್ತೀರಿ. ಅದನ್ನು ಮಾಡಿದವನ ಮುಖ ನಿಮಗೆ ಕಾಣುವುದಿಲ್ಲ. ನನಗೆ ಕಂಡಿತ್ತು.