ಬಕೆಟ್ಟಿಗೂ ಬಿದ್ದ ಕೆಂಪು ಚುಕ್ಕೆ

ಬೆಳಕು ಹರಿಯೋ ಹೊತ್ತಿಗೆ ಕಣ್ಣಕ್ಕ ಬೀಗ ತೆಗೆದು ಖಾಲಿ ಕೋಣೆಗೆ ಬರ್ತಾರೆ. ಗದ್ದ ಊರೋ ಪಟ್ಟಿ ಒರೆಸಿ, ತಮ್ಮ ಗದ್ದಾನೇ ಮೊದಲು ಅದರ ಮೇಲಿಡ್ತಾರೆ. ಎದುರಿನ ಪರದೆಯಲ್ಲಿ ಚಿತ್ರ ಬರುತ್ತೆ. ಅವರ ಕಣ್ಣು ಎಲ್ಲಿ ನಿಂತಿತು ಅಂತ ಕೆಳಗಿನ ಕ್ಯಾಮೆರಾ ಹಿಡಿಯುತ್ತೆ. ನಿಂತ ಕಡೆ ಕೆಂಪು ಚುಕ್ಕೆ, ಜಾಸ್ತಿ ಹೊತ್ತು ನಿಂತ್ರೆ ದೊಡ್ಡ ಚುಕ್ಕೆ. ಯಂತ್ರ ಸರಿಯಿದ್ರೆ ಆಮೇಲೆ ಚಿತ್ರ ನೋಡೋಕೆ ಬಂದ ಜನರನ್ನ ಒಳಗೆ ಬಿಡೋದು.

ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ. "ಜನ ಏನು ನೋಡ್ತಾರೆ ಅಂತ ಅಂಗಡಿಯೋರಿಗೆ ಬೇಕಂತೆ. ಚುಕ್ಕೆಗಳ ನಡುವೆ ಸೀನಿದ್ದು, ರೆಪ್ಪೆ ಬಡಿದದ್ದು ನಾನು ಹೆಕ್ಕಿ ತೆಗೀಬೇಕು," ಅಂತಾರೆ.

ಒಬ್ಬ ಮಹಾಶಯ ಕಣ್ಣು ಬಿಟ್ಕೊಂಡೇ ನಿದ್ದೆ ಹೊಡೆದನಂತೆ. ಅವತ್ತು ಎಲ್ಲರಿಗಿಂತ ಜಾಸ್ತಿ ಗಮನ ಕೊಟ್ಟು ನೋಡಿದ್ದು ಅವನೇ ಅಂತು ಯಂತ್ರ. ಗೊರಕೆ ಕಣ್ಣಕ್ಕನ ಕಿವಿಗೆ ಬಿದ್ದಿದ್ದರಿಂದ ಅಂಗಡಿಯೋರು ಬಚಾವ್. ನಾನು ನಂಬಿದ್ದೀನಿ, ನೀವೂ ನಂಬಿ.

ಮಧ್ಯಾಹ್ನ ಡಬ್ಬಿ ಬಿಚ್ಚೋದು ಒಬ್ಬರೇ. ಬಂದೋರು ಪರದೆ ನೋಡ್ತಾರೆ, ಹೋಗೋವಾಗ ಬಾಗಿಲು ನೋಡ್ತಾರೆ.

ಹೋದ ತಿಂಗಳು ಪರದೆಗೆ ಹಾಕೋಕೆ ಅಂಗಡಿಯ ಫೋಟೊ ಒಂದು ಬೇಕಾಯ್ತು. ಬಿಸ್ಕತ್ತಿನ ಕಪಾಟಿನ ಪಕ್ಕ ಗಿರಾಕಿ ಥರ ನಿಲ್ಲೋಕೆ ಯಾರೂ ಸಿಗದೆ ಮ್ಯಾನೇಜರು ಇವರನ್ನೇ ಕರೆದರು. "ಜನ ಮೊದಲು ನೋಡೋದು ಮುಖಾನೇ ಕಣ್ರೀ ಅಕ್ಕ, ನೀವೇ ಹೀರೋಯಿನ್ನು."

ಕಣ್ಣಕ್ಕ ಎತ್ತಿಟ್ಟಿದ್ದ ಒಳ್ಳೆ ಬಟ್ಟೆ ಹಾಕ್ಕೊಂಡು ಬಂದು ನಿಂತರು. ಆಮೇಲೆ ದಿನಾ ಸಂಜೆ ಚುಕ್ಕೆ ಹೆಕ್ಕೋವಾಗ ಒಂದೇ ಹುಡುಕಾಟ: ಯಾರಾದ್ರೂ ನನ್ನ ನೋಡಿದ್ರಾ? ಬಿಸ್ಕತ್ತಿನ ಮೇಲೆ ಚುಕ್ಕೆ. ಬೆಲೆಯ ಮೇಲೆ ಚುಕ್ಕೆ. ಫೋಟೊದ ಮೂಲೇಲಿ ಸೇರ್ಕೊಂಡಿದ್ದ ನೆಲ ಒರೆಸೋ ಬಕೆಟ್ ಮೇಲೂ ಚುಕ್ಕೆ. ಇವರ ಮುಖದ ಮೇಲೆ ಮಾತ್ರ ಇಲ್ಲ.

ಒಂದು ಸಂಜೆ ಬಿತ್ತು ನೋಡಿ, ಮುಖದ ಮೇಲೇ, ತಟ್ಟೆಯಷ್ಟಗಲ.

"ಯಾರಪ್ಪ ಈ ಪುಣ್ಯಾತ್ಮ ಅಂತ ಹಿಂದಕ್ಕೆ ತಿರುಗಿಸಿ ಹುಡುಕಿದೆ," ಅಂತಾರೆ ಕಣ್ಣಕ್ಕ. "ನಾನೇ. ಬೆಳಗ್ಗೆ ಆ ಫೋಟೊ ಹಾಕಿ ಯಂತ್ರ ಸರಿ ಮಾಡಿ, ನನ್ನ ನೋಟ ಅಳಿಸೋದೇ ಮರೆತಿದ್ದೆ. ಜನರದ್ದರ ಜೊತೆ ಸೇರ್ಕೊಂಡಿತ್ತು."

"ಇರಲಿ ಅಂತ ಬಿಟ್ರಾ?"

"ಹಂಗೆಲ್ಲ ಬಿಡೋಕಾಗುತ್ತಾ? ಸುಳ್ಳಾಗಲ್ವಾ? ಅಳಿಸ್ದೆ." ಪಟ್ಟಿ ಇನ್ನೊಂದು ಸಲ ಒರೆಸ್ತಾರೆ. "ಈಗ ಯಂತ್ರ ಸರಿ ಮಾಡೋಕೆ ದಿನಾ ಆ ಫೋಟೊನೇ ಹಾಕ್ಕೊಳ್ತೀನಿ. ನೋಡ್ತೀನಿ. ಚುಕ್ಕೆ ಬರುತ್ತೆ. ಅಳಿಸಿ ಬಾಗಿಲು ತೆಗೀತೀನಿ."

ಆಸೆ ಏನಾದ್ರೂ ಇದೆಯಾ ಅಂತ ಕೇಳ್ತೀನಿ.

"ಮುಂದಿನ ಸಲ ಫೋಟೊ ತೆಗೆಯೋವಾಗ ಆ ಬಕೆಟ್ ಆಚೆಗಿಡಿ ಅಂದಿದ್ದೀನಿ. ಅಷ್ಟೆ."