ಹರ್ಷದ ವಿಷಯ

ನನ್ನ ಅಪ್ಪನ ಹತ್ತಿರ ಒಂದು ಕೋವಿ ಇದೆ, ಲೈಸೆನ್ಸ್ ಇಲ್ಲ. ಈ ಮಾತನ್ನು ದೆಹಲಿಯಲ್ಲಿ ಯಾರ ಮುಂದೆ ಹೇಳಿದರೂ ಅವರು ಮೊದಲು ಬಾಗಿಲಿನ ಕಡೆ ನೋಡುತ್ತಾರೆ. ಆಮೇಲೆ ನಾನು ವಿವರಿಸಬೇಕು: ನಾವು ಕೊಡವರು, ಕೋವಿ ಇಟ್ಟುಕೊಳ್ಳಲು ನಮಗೆ ಲೈಸೆನ್ಸ್ ಬೇಡವೆಂದು ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ, ಆಮೇಲೆ ಬಂದ ಸರ್ಕಾರಗಳೂ ಅದನ್ನು ಮುಂದುವರಿಸಿವೆ, ಬೇಕಾದರೆ ವಿನಾಯಿತಿ ಪತ್ರ ತೋರಿಸುತ್ತೇನೆ. ಕೇಳಿದವರು "ಅಚ್ಛಾ" ಎನ್ನುತ್ತಾರೆ. ಆ ಅಚ್ಛಾಕ್ಕೆ ನಂಬಿದೆ ಎಂಬ ಅರ್ಥವಿಲ್ಲ, ಚಹಾ ಮುಗಿಸಿ ಬೇಗ ಹೊರಡುತ್ತೇನೆ ಎಂಬ ಅರ್ಥವಿದೆ.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಡತಗಳ ನಡುವೆ ಆಯುಷ್ಯ ಸವೆಸಿದವನು. ಅಮ್ಮ ಮೈಸೂರಿನಲ್ಲಿ ಬೆಳೆದವಳಾದ್ದರಿಂದ ನಮ್ಮ ಮನೆಮಾತು ಕನ್ನಡವೇ ಆಯಿತು. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಆ ಕೋವಿ ಅಮ್ಮನ ರೇಷ್ಮೆ ಸೀರೆಗಳ ಮಧ್ಯೆ, ಕಬ್ಬಿಣದ ಬೀರುವಿನಲ್ಲಿ ಮಲಗಿರುತ್ತಿತ್ತು. ವರ್ಷಕ್ಕೊಮ್ಮೆ, ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಹೊರಬಂದು, ನಳಿಗೆಗೆ ಚೆಂಡುಹೂವು ಸಿಕ್ಕಿಸಿಕೊಂಡು, ನಮ್ಮೆಲ್ಲರ ನಮಸ್ಕಾರ ಸ್ವೀಕರಿಸಿ ಮತ್ತೆ ಸೀರೆಗಳ ನಡುವೆ ನುಸುಳುತ್ತಿತ್ತು. ದೆಹಲಿಯಲ್ಲಿ ಅಷ್ಟು ಸಭ್ಯವಾಗಿ ಬಾಳಿದ ಇನ್ನೊಂದು ಬಂದೂಕನ್ನು ನಾನು ಕಂಡಿಲ್ಲ.

ಪೊಲೀಸರಿಗೆ ಅದರ ಮೊದಲ ದರ್ಶನವಾದದ್ದು ನಾವು ವಸಂತ್ ಕುಂಜ್‌ನ ಫ್ಲಾಟಿಗೆ ಮನೆ ಬದಲಾಯಿಸಿದಾಗ. ಸಾಮಾನು ತುಂಬಿದ ಟೆಂಪೋವನ್ನು ತಡೆದ ಕಾನ್‌ಸ್ಟೇಬಲ್, ಹಾಸಿಗೆ ಮತ್ತು ಕುಕ್ಕರ್‌ಗಳ ನಡುವೆ ಇಣುಕಿದ ಹಿಡಿಯನ್ನು ನೋಡಿ ಹಿಂದೆ ಹಾರಿದ. ಅಪ್ಪ ಶಾಂತವಾಗಿ ವಿನಾಯಿತಿ ಪತ್ರ ಕೊಟ್ಟ. ಒಂದು ಕಾಗದ ಕೊಟ್ಟರೆ ಎರಡನೆಯದನ್ನು ಕೇಳುವುದು ಸರ್ಕಾರದ ಸ್ವಭಾವ ಎಂದು ಬಲ್ಲವನಾದ್ದರಿಂದ, ಕೇಳುವ ಮೊದಲೇ ತನ್ನ ಜಾತಿ ಪ್ರಮಾಣಪತ್ರವನ್ನೂ ಕೊಟ್ಟ. ಅಲ್ಲಿಗೆ ಕಾನ್‌ಸ್ಟೇಬಲ್ ಗೆಳೆಯರನ್ನೆಲ್ಲ ಕರೆದ. ಜಾತಿಯ ಕಾಗದ ತೋರಿಸಿದರೆ ಕಾಲೇಜಿನ ಸೀಟು ಸಿಗುವುದು ಅವನಿಗೆ ಗೊತ್ತಿತ್ತು, ಬಂದೂಕು ಸಿಗುವುದು ಗೊತ್ತಿರಲಿಲ್ಲ. ತನ್ನ ಜಾತಿಯವರೂ ದೇಶಕ್ಕಾಗಿ ಬಹಳ ಕಾದಾಡಿದ್ದಾರೆಂದೂ ಅರ್ಜಿ ಎಲ್ಲಿ ಕೊಡಬೇಕೆಂದೂ ವಿಚಾರಿಸಿದ. ಅರ್ಜಿಯಿಂದ ಆಗುವುದಿಲ್ಲ, ಹುಟ್ಟಬೇಕು ಎಂದು ಅಪ್ಪ ಗಂಭೀರವಾಗಿ ಹೇಳಿದ. ಮುಂದಿನ ಜನ್ಮದಲ್ಲಿ ನೋಡೋಣ ಎಂದು ನಿಟ್ಟುಸಿರಿಟ್ಟು ಅವನು ನಮ್ಮನ್ನು ಬಿಟ್ಟ. ಅದೇ ಹೊತ್ತಿಗೆ ಹಿಂದಿನ ಗಾಜಿನ ತುಂಬ ತನ್ನ ಜಾತಿಯ ಹೆಸರು ಬರೆಸಿಕೊಂಡಿದ್ದ ಕಪ್ಪು ಕಾರೊಂದು ಸಿಗ್ನಲ್ ಮುರಿದು ಹೋಯಿತು. ಅದರೊಳಗೆ ಏನಿದೆ ಎಂದು ಕೇಳುವ ಕುತೂಹಲ ಯಾರಿಗೂ ಇರಲಿಲ್ಲ.

ಎರಡನೆಯ ಭೇಟಿ ಇಷ್ಟು ಸಲೀಸಾಗಲಿಲ್ಲ. ಅದಕ್ಕೆ ಕಾರಣ ನನ್ನ ಮೊಮ್ಮಗಳು. ಅವಳಿಗಾಗ ಇನ್ನೂ ಹೆಸರೇ ಇಟ್ಟಿರಲಿಲ್ಲ.

ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಒಂದು ಗುಂಡಿನ ಸದ್ದು ಕೇಳಿದರೆ ಊರಿಗೆ ಜನನದ ಸುದ್ದಿ, ಒಂದರ ಹಿಂದೆ ಒಂದು ಎರಡು ಕೇಳಿದರೆ ಸಾವಿನ ಸುದ್ದಿ. ನನ್ನ ಅಣ್ಣ ಹುಟ್ಟಿದಾಗ ಗುಂಡು ಹಾರಿತ್ತು. ನಾನು ಹುಟ್ಟಿದಾಗಲೂ ಅಪ್ಪ ಇದೇ ಕೋವಿ ಹಿಡಿದು ಊರಿನ ಮನೆಯ ಅಂಗಳಕ್ಕೆ ಇಳಿದಿದ್ದನಂತೆ. ಒಳಗಿನಿಂದ ಹೆಣ್ಣು ಎಂದು ಹೇಳಿಕಳಿಸಿದರು. ಅಪ್ಪ ತೋಟಾ ತೆಗೆದು, ಕೋವಿ ಒರೆಸಿ, ಗೋಡೆಗೆ ತೂಗುಹಾಕಿದ. ಇದನ್ನು ನನಗೆ ಹೇಳಿದವಳು ಅಮ್ಮ. ಅಪ್ಪ ಈ ವಿಷಯ ಎಂದೂ ಎತ್ತಿದವನಲ್ಲ, ನಾನೂ ಕೇಳಿದವಳಲ್ಲ.

ಹಾಗಿರುವಾಗ ಮರಿಮಗಳು ಹುಟ್ಟಿದ ಸುದ್ದಿ ಕೇಳಿ, ಎಂಬತ್ತು ದಾಟಿದ ಈ ಮನುಷ್ಯ ಫೋನ್ ಇಡುವ ಮೊದಲೇ ಒಂದು ಗುಂಡು ಹೊಡೆಯಬೇಕು ಎಂದುಬಿಟ್ಟ. ತೊಟ್ಟಿಲಿಗೆ ಹಾಕುವ ದಿನದೊಳಗೆ ಆಗಲೇಬೇಕೆಂದು ಹಟ ಹಿಡಿದ. ಬಾಣಂತನಕ್ಕೆಂದು ನಮ್ಮಲ್ಲಿಗೆ ಬಂದಿದ್ದ ಮಗಳು, ಫೋನಿನಲ್ಲಿ ಗುಂಡಿನ ಸೌಂಡ್ ಹಾಕಿ "ಸ್ಪೀಕರ್ ಪೇ ಬಜಾ ದೇಂಗೆ ಅಜ್ಜ, ಸೇಮ್ ಟು ಸೇಮ್" ಎಂದು ರಾಜಿಗೆ ಬಂದಳು. ಅಪ್ಪ ಒಪ್ಪಲಿಲ್ಲ. ಗುರುಗ್ರಾಮದಾಚೆ ಅವನ ಹಳೆಯ ಸಹೋದ್ಯೋಗಿಯೊಬ್ಬರ ಹೊಲವಿತ್ತು. ಅಲ್ಲಿ ಹೋಗಿ ಆಕಾಶಕ್ಕೆ ಹೊಡೆದು ಬರುವುದೆಂದು ಅವನೇ ಏರ್ಪಾಡು ಮಾಡಿದ. ನನಗೆ ಹೆದರಿಕೆಯಿತ್ತು. ಆದರೆ ಅವನು ಹೆಣ್ಣುಮಗುವಿಗೆಂದು ಹೇಳಿದ ಆ ಮಾತು ಎಲ್ಲೋ ಒಳಗೆ ತಾಗಿತ್ತು. ಕಾರಿನ ಕೀಲಿ ತೆಗೆದುಕೊಂಡೆ.

ತೊಟ್ಟಿಲ ದಿನವೇ ಬೆಳಿಗ್ಗೆ ಹೊರಟೆವು. ಗುರುಗ್ರಾಮದ ರಸ್ತೆಯಲ್ಲಿ, ದೆಹಲಿ ದಾಟುವ ಮೊದಲೇ, ನಮ್ಮ ಬಡಾವಣೆಯ ಠಾಣೆಯವರು ಬ್ಯಾರಿಕೇಡ್ ಇಟ್ಟು ನಾಕಾ ಹಾಕಿದ್ದರು. ಒಬ್ಬ ಸಬ್ ಇನ್ಸ್‌ಪೆಕ್ಟರ್, ಒಬ್ಬ ದಪ್ಪ ಮೀಸೆಯ ಕಾನ್‌ಸ್ಟೇಬಲ್. ಡಿಕ್ಕಿ ತೆಗೆಸಿದರು, ಕೋವಿಗೆ ಸುತ್ತಿದ್ದ ಬೆಡ್‌ಶೀಟ್ ಬಿಚ್ಚಿಸಿದರು. ನಾನು ವಿನಾಯಿತಿಯ ಪಾಠವನ್ನು ಒಪ್ಪಿಸಿದೆ. ಪತ್ರ ಮಡಿಕೇರಿಯ ಕಚೇರಿಯದು, ಅಚ್ಚ ಕನ್ನಡದಲ್ಲಿತ್ತು. ಸಬ್ ಇನ್ಸ್‌ಪೆಕ್ಟರ್ ಅದನ್ನು ಉದ್ದಕ್ಕೆ ಹಿಡಿದು ನೋಡಿದ, ಅಡ್ಡಕ್ಕೆ ಹಿಡಿದು ನೋಡಿದ, ಸೀಲು ದುಂಡಗಿದೆಯೆಂದು ಖಾತ್ರಿ ಮಾಡಿಕೊಂಡ. ಕೂರ್ಗ್ ಎಂಬ ಹೆಸರನ್ನು ಕಾನ್‌ಸ್ಟೇಬಲ್ ಕೇಳಿದ್ದ. ಅಲ್ಲಿಗೆ ಜನ ಹನಿಮೂನಿಗೆ ಹೋಗುತ್ತಾರೆ, ಬಂದೂಕು ಯಾಕೆ ಎಂದು ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವವರು ಈ ದೇಶದಲ್ಲಿ ಇಬ್ಬರೇ, ಒಂದು ನಾವು ಪೊಲೀಸರು, ಇನ್ನೊಂದು ಬದ್ಮಾಶರು ಎಂದು ಸಬ್ ಇನ್ಸ್‌ಪೆಕ್ಟರ್ ನನಗೆ ತಿಳಿಹೇಳಿದ. ಎರಡು ಗುಂಪುಗಳನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನಾನು ಗಮನಿಸಿದೆ.

ಇಷ್ಟಾದರೂ ಬಿಟ್ಟುಬಿಡುವ ಲಕ್ಷಣ ಕಾಣುತ್ತಿತ್ತು. ಹಿಂದೆ ವಾಹನಗಳ ಸಾಲು ಬೆಳೆದು ಹಾರ್ನ್ ಶುರುವಾಗಿತ್ತು. ಆಗ ಸಬ್ ಇನ್ಸ್‌ಪೆಕ್ಟರ್ ಸುಮ್ಮನೆ ಮಾತಿಗೆಂಬಂತೆ, ಬಂದೂಕನ್ನು ಎಲ್ಲಿಗೆ ಒಯ್ಯುತ್ತಿದ್ದೀರಿ ಬಾಬೂಜಿ ಎಂದು ಅಪ್ಪನನ್ನು ಕೇಳಿದ.

ಅಪ್ಪನ ಹಿಂದಿಯ ಬಗ್ಗೆ ಇಲ್ಲಿ ಹೇಳಬೇಕು. ಅವನು ಹಿಂದಿ ಕಲಿತದ್ದು ಬೀದಿಯಲ್ಲಲ್ಲ, ಕಚೇರಿಯ ಹಿಂದಿ ತರಗತಿಯಲ್ಲಿ. ತರಕಾರಿ ಭಯ್ಯಾನ ಹತ್ತಿರವೂ ಸುತ್ತೋಲೆಯ ಭಾಷೆಯಲ್ಲೇ ಬದನೆಕಾಯಿ ಕೇಳುವವನು. ಸಭೆಯಾಗಲಿ ಬೀಳ್ಕೊಡುಗೆಯಾಗಲಿ, ಅವನ ಹಿಂದಿ ಭಾಷಣ "ಹರ್ಷ್ ಕಾ ವಿಷಯ್ ಹೈ" ಎಂದೇ ಶುರುವಾಗಬೇಕು. ಹರ್ಷ ನಮ್ಮದೂ ಶಬ್ದವಾದ್ದರಿಂದ ಅದರ ಮೇಲೆ ಅವನಿಗೆ ವಿಶೇಷ ಭರವಸೆ. ಈಗಲೂ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡ.

"ಹರ್ಷ್ ಕಾ ವಿಷಯ್ ಹೈ," ಎಂದ ಅಪ್ಪ. "ಘರ್ ಮೇಂ ಕನ್ಯಾ ಕಾ ಜನ್ಮ್ ಹುವಾ ಹೈ. ಏಕ್ ಗೋಲಿ ಚಲಾಯೇಂಗೆ."

ನಾನು ಸ್ಟೀರಿಂಗ್ ಮೇಲೆ ಹಣೆ ಇಟ್ಟೆ. ಇಲ್ಲಿಯ ಮದುವೆಗಳಲ್ಲಿ ಕುಡಿದು ಆಕಾಶಕ್ಕೆ ಗುಂಡು ಹಾರಿಸಿ, ತಾರಸಿಯ ಮೇಲೆ ನಿಂತವರನ್ನು ಕೊಲ್ಲುವ ಪದ್ಧತಿಗೆ ಹಿಂದಿಯಲ್ಲಿ ಹರ್ಷ್ ಫೈರಿಂಗ್ ಎನ್ನುತ್ತಾರೆ. ಅದು ಅಪರಾಧ. ನಾವು ಕುಶಾಲತೋಪು ಎನ್ನುವುದನ್ನೇ ಅವರು ಹಾಗೆನ್ನುತ್ತಾರೆ. ಅಪ್ಪ ಅಪರಾಧವನ್ನು ಒಪ್ಪಿಕೊಂಡಿದ್ದಷ್ಟೇ ಅಲ್ಲ, ಅದರ ಸರಿಯಾದ ಹೆಸರನ್ನೂ ಒದಗಿಸಿದ್ದ.

ಸಬ್ ಇನ್ಸ್‌ಪೆಕ್ಟರ್ ಬಗ್ಗಿ ಕಿಟಕಿಯೊಳಗೆ ಮುಖ ತಂದ. ಆದರೆ ಅವನ ಅನುಮಾನ ಬೇರೆಯೇ ಆಗಿತ್ತು.

"ಲಡ್ಕೀ ಕೇ ಲಿಯೇ?" ಎಂದ.

ಹುಡುಗಿ ಹುಟ್ಟಿದ್ದಕ್ಕೆ ಗುಂಡು ಹಾರಿಸುವವರನ್ನು ಅವನು ತನ್ನ ಸರ್ವಿಸ್‌ನಲ್ಲಿ ಕಂಡಿರಲಿಲ್ಲ. ಲೈಸೆನ್ಸ್ ಇಲ್ಲದ ಬಂದೂಕನ್ನು ಹೇಗೋ ಜೀರ್ಣಿಸಿಕೊಂಡಿದ್ದವನಿಗೆ ಇದು ಗಂಟಲಲ್ಲಿ ಸಿಕ್ಕಿಕೊಂಡಿತು. ಇದರ ಹಿಂದೆ ಖಂಡಿತ ಬೇರೆ ಏನೋ ಇದೆ ಎಂದು ತೀರ್ಮಾನಿಸಿದ. ನನಗೆ ಅವನ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ನಾನು ಹುಟ್ಟಿದ ದಿನ ನಮ್ಮ ಮನೆಯ ಒಳಗಿನಿಂದ ಬಂದ ಮಾತೂ ಇದೇ ಅಲ್ಲವೇ ಎಂದು ನೆನಪಾಗಿ, ಆ ಸಿಟ್ಟನ್ನು ಪೂರ್ತಿ ಅವನೊಬ್ಬನ ಮೇಲೆ ಸುರಿಯಲೂ ಆಗಲಿಲ್ಲ.

ಠಾಣೆಯಲ್ಲಿ ಅವರು ಅಪ್ಪನಿಗೆ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಕೋವಿಯನ್ನು ಮಾತ್ರ ಕೊಡಲಿಲ್ಲ. ಮಡಿಕೇರಿಗೆ ಬರೆದು ವಿಚಾರಿಸುವವರೆಗೆ ಅದು ಠಾಣೆಯ ಮಾಲ್‌ಖಾನೆಯಲ್ಲಿ, ಕದ್ದ ಬೈಕುಗಳ ಮತ್ತು ಕಳ್ಳಬಟ್ಟಿಯ ಸಂಗಡ ಇರಬೇಕಾಯಿತು. ಹಿರಿಯರ ಮೇಲೆ ಕೇಸು ಹಾಕುವುದಿಲ್ಲ, ಅದು ನಮ್ಮ ಸಂಸ್ಕಾರವಲ್ಲ ಎಂದು ಸಬ್ ಇನ್ಸ್‌ಪೆಕ್ಟರ್ ಉದಾರವಾಗಿ ಹೇಳಿದ. ಅಪ್ಪ ಧನ್ಯವಾದ ಹೇಳಿದ, ಅದೂ ಸುತ್ತೋಲೆಯ ಹಿಂದಿಯಲ್ಲೇ. ವಾಪಸು ಬರುವಾಗ ಮನೆ ಹತ್ತಿರವಾದಾಗ, "ಈ ಸಲವೂ ಆಗ್ಲಿಲ್ಲ ನೋಡು" ಎಂದಷ್ಟೇ ಹೇಳಿದ. ಸಲವೂ ಎಂಬ ಮಾತನ್ನು ನಾನು ಕೇಳಿಸಿಕೊಂಡೆ. ಕೇಳಿಸದವಳಂತೆ ಗೇರ್ ಬದಲಾಯಿಸಿದೆ.

ಸಂಜೆ ತೊಟ್ಟಿಲಿಗೆ ಹಾಕಿದೆವು. ಹೆಂಗಸರು ಹಾಡಿದರು, ಪಾಯಸವಾಯಿತು. ಅಪ್ಪ ಮೂಲೆಯ ಕುರ್ಚಿಯಲ್ಲಿ, ಕೈಗಳಿಗೆ ಏನು ಕೆಲಸ ಕೊಡುವುದೆಂದು ತಿಳಿಯದವನಂತೆ ಕೂತಿದ್ದ. ನೋಡಲಾಗದೆ ಮಗುವನ್ನು ತಂದು ಅವನ ತೊಡೆಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಅವನು ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ನಡೆದ. ಬೀಳಿಸಿಬಿಟ್ಟಾನೆಂದು ನಾನೂ ಹಿಂದೆಯೇ ಹೋದೆ.

ಕೆಳಗೆ ರಸ್ತೆಯಲ್ಲಿ ಬರಾತ್ ಬರುತ್ತಿತ್ತು. ಕುದುರೆಯ ಮೇಲೆ ಮದುಮಗ, ಮುಂದೆ ಬ್ಯಾಂಡು, ಅದಕ್ಕೂ ಮುಂದೆ ಸೀಟಿ ಊದುತ್ತ ಟ್ರಾಫಿಕ್ ತಡೆದು ದಾರಿ ಬಿಡಿಸುತ್ತಿದ್ದ ಪೊಲೀಸು. ಬೀದಿದೀಪದ ಕೆಳಗೆ ಬಂದಾಗ ಗುರುತು ಸಿಕ್ಕಿತು. ಬೆಳಗಿನ ನಾಕಾದ ದಪ್ಪ ಮೀಸೆಯವನೇ. ಅವನ ಬೆನ್ನ ಹಿಂದೆ, ಕುಣಿಯುತ್ತಿದ್ದ ಗುಂಪಿನಿಂದ ಒಂದು ಕೈ ಮೇಲೆದ್ದಿತು. ಢಂ ಎಂದಿತು. ಅವನು ತಿರುಗಿಯೂ ನೋಡಲಿಲ್ಲ.

"ಪಟಾಕಿ ಅಲ್ಲ ಇದು," ಎಂದ ಅಪ್ಪ. ಅವನ ಮುಖ ಅರಳಿತ್ತು. ಮಗುವಿನ ಕಿವಿಯ ಹತ್ತಿರ ಬಗ್ಗಿ, "ಒಂದು. ಇದು ನಿಂಗೆ ಮಗಾ," ಎಂದ. ದೆಹಲಿ ಪೊಲೀಸರ ರಕ್ಷಣೆಯಲ್ಲಿ ನಮ್ಮ ಕುಶಾಲತೋಪು ಅಂತೂ ಹಾರಿತು ಎಂದು ನಾನು ನಗುವಷ್ಟರಲ್ಲಿ ಎರಡನೆಯ ಗುಂಡು ಹಾರಿತು.

ನಗು ಅಲ್ಲಿಗೇ ನಿಂತಿತು. ಒಂದಾದರೆ ಜನನ, ಎರಡಾದರೆ ಸಾವು. ಇಂಥದ್ದನ್ನೆಲ್ಲ ನಂಬದ ನಾನೂ ಮಗುವನ್ನು ಕಸಿದುಕೊಂಡಂತೆ ಇಸಿದುಕೊಂಡು ಒಳಗೆ ಹೋಗಲು ತಿರುಗಿದೆ.

ಅಪ್ಪ ನನ್ನ ಮುಂಗೈ ಹಿಡಿದ. ಐವತ್ತು ದಾಟಿದ ನನ್ನ ತಲೆಯ ಮೇಲೆ, ಮಗುವಿನ ತಲೆಯ ಮೇಲಿಡುವ ಹಾಗೆ ಇನ್ನೊಂದು ಕೈಯಿಟ್ಟ.

"ಹೆದರ್ಬೇಡ," ಎಂದ. "ಎರಡನೇದು ನಿಂದು."