ಫೋರ್ ವೇ ಸ್ಟಾಪಿನಲ್ಲಿ ಉಪಚಾರ

ನಾನು ಡ್ರೈವಿಂಗ್ ಕಲಿಸುತ್ತೇನೆ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಇಬ್ಬರು ಗಂಡುಮಕ್ಕಳಿಗೂ ವಯಸ್ಸು ಬಂದಾಗ ನಾನೇ ಪಕ್ಕದಲ್ಲಿ ಕೂತು ಕಲಿಸಲು ಹೊರಟೆ. ದೊಡ್ಡವನು ಎರಡನೆಯ ದಿನವೇ ಕಾರನ್ನು ರಸ್ತೆ ಪಕ್ಕ ನಿಲ್ಲಿಸಿ, ಇಳಿದು, ಮನೆಗೆ ನಡೆದುಕೊಂಡು ಹೋದ. ಚಿಕ್ಕವನು ಅಣ್ಣನ ಗತಿ ನೋಡಿ ಬುದ್ಧಿ ಕಲಿತು, ತಾನೇ ದುಡಿದ ದುಡ್ಡು ಕೊಟ್ಟು ಡ್ರೈವಿಂಗ್ ಸ್ಕೂಲ್ ಸೇರಿಕೊಂಡ. ನನ್ನ ಗಂಟಲು ದೊಡ್ಡದು, ತಾಳ್ಮೆ ಚಿಕ್ಕದು. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಇದ್ದವಳು, ಅಂದರೆ ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಂಡವಳು. ರಿಟೈರ್ ಆದ ಮೇಲೆ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದಾಳೆ ಎಂದು ನಮ್ಮ ಯಜಮಾನರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ.

ಇಂಥವಳಿಗೆ ಆ ಕೆಲಸ ಬಂದದ್ದು ಕೋವಿಡ್ ಕಾಲದ ಮಾಸ್ಕು ಇನ್ನೂ ಪರ್ಸಿನ ತಳದಲ್ಲಿ ಮುದುರಿ ಬಿದ್ದಿದ್ದ ದಿನಗಳಲ್ಲಿ. ಫೇರ್‌ಫ್ಯಾಕ್ಸಿನಲ್ಲಿ ಅಂದರೆ ಅಮೆರಿಕದಲ್ಲಿ ನಾವಿರುವ ಊರಿನಲ್ಲಿ ಒಂದು ಚಿಕ್ಕ ಸಂಸ್ಥೆ ಇದೆ. ಗಂಡನ ಹೊಡೆತ ಬಡಿತ ತಾಳಲಾರದೆ ಮನೆ ಬಿಟ್ಟು ಬಂದ ನಮ್ಮ ದೇಶಗಳ ಹೆಂಗಸರಿಗೆ, ಅವರು ಯಾವ ಜಾತಿ, ಯಾವ ಮತವಾದರೂ ಸರಿ, ವಕೀಲರನ್ನು, ಡಾಕ್ಟರನ್ನು, ಇರಲು ಶೆಲ್ಟರನ್ನು ಹುಡುಕಿಕೊಡುತ್ತದೆ. ಅದನ್ನು ನಡೆಸುವವರು ಲಾಹೋರಿನ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಬಾಜಿ ಎನ್ನುತ್ತಾರೆ, ಉರ್ದುವಿನಲ್ಲಿ ಅಕ್ಕ ಎಂದು. ನಾನು ಅಲ್ಲಿ ವಾಲಂಟಿಯರ್. ಸಲಹೆ ಕೊಡಬೇಡಿ, ಕೇಳಿಸಿಕೊಳ್ಳಿ ಎಂಬುದು ಬಾಜಿ ನಮಗೆಲ್ಲ ಹಾಕಿದ ಮೊದಲ ಕಟ್ಟಳೆ. ಅವರು ಅದನ್ನು ಹೇಳುವಾಗ ಯಾಕೋ ನನ್ನನ್ನೇ ನೋಡುತ್ತಾರೆ.

ಒಂದು ದಿನ ಬಾಜಿ ಫೋನ್ ಮಾಡಿದರು. ದೂರದ ರಾಲಿ ಎಂಬ ಊರಿನಿಂದ ಒಬ್ಬಳು ಹುಡುಗಿ ಆರು ವರ್ಷದ ಮಗಳನ್ನು ಕಟ್ಟಿಕೊಂಡು ಬಂದಿದ್ದಾಳೆ, ಉರ್ದು ಸೊಗಸಾಗಿ ಮಾತಾಡುತ್ತಾಳೆ, ಆದರೆ ಕನ್ನಡದವರೇ ಬೇಕು ಎಂದು ಹಟ ಹಿಡಿದಿದ್ದಾಳೆ, ಯಾಕೆಂದು ಅರ್ಥವಾಗುತ್ತಿಲ್ಲ ಎಂದರು. ನಾನು ಹೋಗಿ ಕೂತ ಮೇಲೆ ಅರ್ಥವಾಯಿತು. ಹುಡುಗಿ ಮೈಸೂರಿನ ಮಂಡಿ ಮೊಹಲ್ಲಾದವಳು, ಓದಿದ್ದೆಲ್ಲ ಕನ್ನಡದಲ್ಲಿ. ಗಂಡ ಹೈದರಾಬಾದಿನವನು. ರಾಲಿಯಲ್ಲಿ ಅವಳಿಗೆ ಗೊತ್ತಿದ್ದ ಹೆಂಗಸರೆಲ್ಲ ಅವನ ನೆಂಟರು, ಇಲ್ಲವೇ ಅವನ ಗೆಳೆಯರ ಹೆಂಡತಿಯರು.

"ಉರ್ದೂಲಿ ಏನು ಹೇಳ್ಕೊಂಡ್ರೂ ಸಾಯಂಕಾಲದೊಳಗೆ ನಮ್ಮನೆಯವರ ಕಿವಿಗೆ ಹೋಗಿರ್ತಿತ್ತು ಆಂಟಿ," ಎಂದಳು. "ಕನ್ನಡ ಅವರಿಗೆ ಯಾರಿಗೂ ಬರಲ್ಲ."

ನಮ್ಮ ಭಾಷೆಗೆ ಇಂಥದೊಂದು ಉಪಯೋಗ ಇದೆ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಬ್ಯಾಗಿನಲ್ಲಿದ್ದ ಕೋಡುಬಳೆಯ ಪೊಟ್ಟಣವನ್ನು ಬಿಚ್ಚಿ ಮುಂದಿಟ್ಟೆ. ಮಗು ಒಂದನ್ನು ಬೆರಳಿಗೆ ಬಳೆಯಂತೆ ಏರಿಸಿಕೊಂಡು ಕೂತಿತು.

ಅವಳಿಗೆ ಕೆಲಸ ಮಾಡಲು ಪರ್ಮಿಟ್ ಬಂದಾಗಿತ್ತು. ಊರಾಚೆ ಆಲ್ಡಿ ಎಂಬಲ್ಲಿನ ಹೊಸ ಬಡಾವಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಒಂದು ಡೇಕೇರ್ ಅವಳನ್ನು ಇಂಟರ್ವ್ಯೂ ಮಾಡಿ, ಶಾಲೆಗಳು ಶುರುವಾಗುವ ಹೊತ್ತಿಗೆ ಬಾ ಎಂದಿತ್ತು. ಆದರೆ ಬೆಳಿಗ್ಗೆ ಬೇಗ ಬಾಗಿಲು ತೆರೆಯುವ ಜಾಗ ಅದು. ಆ ಹೊತ್ತಿಗೆ ಅಲ್ಲಿಗೆ ಬಸ್ಸೂ ಇಲ್ಲ, ಮೆಟ್ರೋನೂ ಇಲ್ಲ. ಡ್ರೈವಿಂಗ್ ಬಂದರೆ ಕೆಲಸ, ಕೆಲಸವಿದ್ದರೆ ತಾಯಿ ಮಗಳಿಗೆ ಒಂದು ಮನೆ. ಶೆಲ್ಟರಿನಲ್ಲಿ ಇರಬಹುದಾದ ಅವಧಿ ಮುಗಿಯುತ್ತ ಬಂದಿತ್ತು. ಅದು ಮುಗಿದರೆ ಮುಂದೆ ಎಲ್ಲಿಗೆ ಎಂದು ಕೇಳಿದರೆ ಅವಳು ನೆಲ ನೋಡುತ್ತಿದ್ದಳು. ವಾಪಸ್ ರಾಲಿಗೆ ಹೋಗುವ ಯೋಚನೆ ಬಂದಿದೆ ಎಂದು ಹೇಳದೆಯೇ ತಿಳಿಯುತ್ತಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಹರಾಯ ಅವಳನ್ನು ಸ್ಟೀರಿಂಗಿನ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಸೇರಿಸೋಣ ಎಂದರೆ ಅಲ್ಲಿ ಕಲಿಸುವವನು ಗಂಡಸು, ಮುಚ್ಚಿದ ಕಾರಿನಲ್ಲಿ ಅವನ ಪಕ್ಕ ಕೂರಲು ಇವಳು ಒಪ್ಪಲಿಲ್ಲ.

"ನಾನೇ ಕಲಿಸ್ತೀನಿ ಬಿಡಿ," ಎಂದುಬಿಟ್ಟೆ.

ಮನೆಗೆ ಬಂದು ಹೇಳಿದರೆ ಯಜಮಾನರು ಕಾಫಿ ಲೋಟ ಕೆಳಗಿಟ್ಟರು. "ಪಾಪ ಕಣೇ, ಆ ಹುಡುಗಿ ಈಗಾಗ್ಲೇ ಬೇಕಾದಷ್ಟು ಅನುಭವಿಸಿದಾಳೆ. ಅದರ ಮೇಲೆ ನೀನು ಬೇರೆ ಯಾಕೆ?"

ಕಲಿಯಲು ಜಾಗ ಹುಡುಕುವುದೇ ಒಂದು ಕಥೆ. ದೇವಸ್ಥಾನದ ಪಾರ್ಕಿಂಗ್ ಲಾಟಿಗೆ ಹೋದರೆ ನನ್ನ ಪರಿಚಯದವರು ಯಾರಾದರೂ ಬಂದು, ಯಾರು ಈ ಹುಡುಗಿ, ಯಾವೂರು, ಯಾರ ಮಗಳು ಎಂದು ವಂಶವೃಕ್ಷ ಅಲ್ಲಾಡಿಸುತ್ತಾರೆ. ಮಸೀದಿಯ ಲಾಟಿಗೆ ಹೋದರೆ ಅವಳನ್ನು ಗುರುತಿಸುವವರು ಸಿಕ್ಕಾರೆಂಬ ಭಯ. ಕೊನೆಗೆ ನಮ್ಮ ಮನೆಯ ಹತ್ತಿರದ ಚರ್ಚಿನವರನ್ನು ಕೇಳಿದೆ. ಭಾನುವಾರ ಒಂದು ಬಿಟ್ಟು ಯಾವಾಗ ಬೇಕಾದರೂ ಬನ್ನಿ ಎಂದರು. ಯೇಸುವಿನ ಅಂಗಳದಲ್ಲಿ ನಮ್ಮಿಬ್ಬರಿಗೂ ನೆಂಟರಿರಲಿಲ್ಲ.

ಹುಡುಗಿ ಚುರುಕು. ಲರ್ನರ್ಸ್ ಪರ್ಮಿಟ್ಟಿನ ಪುಸ್ತಕವನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದಳು. ನಮ್ಮ ಹಳೆಯ ಕಾರನ್ನು ಎರಡು ಗೆರೆಗಳ ನಡುವೆ ಅಚ್ಚುಕಟ್ಟಾಗಿ ನಿಲ್ಲಿಸುವುದನ್ನು ನನಗಿಂತ ಚೆನ್ನಾಗಿ ಕಲಿತಳು. ರಿವರ್ಸ್ ಸಲೀಸು. ನಾನು ಕಿರುಚುವುದಕ್ಕೆ ಕಾರಣವೇ ಸಿಗದೆ ಬಾಯಿ ತುರಿಸುತ್ತಿತ್ತು. ಕಾರಣ ಸಿಕ್ಕಿದ್ದು ಬೀದಿಗೆ ಇಳಿದ ಮೇಲೆ, ಫೋರ್ ವೇ ಸ್ಟಾಪಿನಲ್ಲಿ.

ಇಲ್ಲಿನ ಮನೆಗಳ ನಡುವಿನ ಚೌಕಗಳಲ್ಲಿ ಸಿಗ್ನಲ್ ಇರುವುದಿಲ್ಲ, ಪೊಲೀಸೂ ಇರುವುದಿಲ್ಲ. ನಾಲ್ಕು ಕಡೆಯೂ ಒಂದೊಂದು ಕೆಂಪು ಬೋರ್ಡು, ಅಷ್ಟೆ. ಎಲ್ಲರೂ ಪೂರ್ತಿ ನಿಲ್ಲಬೇಕು, ಮೊದಲು ಬಂದವರು ಮೊದಲು ಹೋಗಬೇಕು. ಬೆಂಗಳೂರಿನಿಂದ ಬಂದವರಿಗೆ ಇದನ್ನು ವಿವರಿಸಿದರೆ ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಅವರೆಲ್ಲ ಸರದಿ ಮೀರಿ ನುಗ್ಗುವವರಾದರೆ ಇವಳದು ತದ್ವಿರುದ್ಧ. ಮೊದಲು ಬಂದು ನಿಂತು, ಎಡಗಡೆಯವನಿಗೆ ಕೈ ಬೀಸಿ ನೀವು ಹೋಗಿ ಎಂದಳು. ಆಮೇಲೆ ಬಲಗಡೆಯವನಿಗೆ. ಎದುರಿಗಿನವನಿಗೆ. ಅಷ್ಟರಲ್ಲಿ ಎಡಗಡೆ ಇನ್ನೊಬ್ಬ ಬಂದ, ಅವನಿಗೂ ಒಂದು ನಗು, ಒಂದು ಕೈ.

"ಹೋಗೇ ತಾಯಿ, ಇದೇನು ನಿನ್ನ ಮನೆ ಮದುವೇನಾ? ಊಟಕ್ಕೆ ಕೂರಿಸ್ತಿದೀಯಾ ಅವರನ್ನ?" ಎಂದು ಅರಚಿದೆ.

"ಅವರು ಕಾಯ್ತಿದಾರಲ್ಲಾ ಆಂಟಿ, ಪಾಪ."

ಹಿಂದಿನವನು ಹಾರ್ನ್ ಹೊಡೆದ. ನಾನು ಇನ್ನಷ್ಟು ಅರಚಿದೆ. ಅವಳ ಎರಡೂ ಭುಜ ಕಿವಿಯ ತನಕ ಏರಿದವು, ಕಾಲು ಬ್ರೇಕಿನ ಮೇಲೆ ಹಾಗೇ ಕಲ್ಲಾಯಿತು. ಇಂಥ ಹುಡುಗಿಯ ಪಕ್ಕ ಕೂತು ಕಿರುಚುವವಳು ನಾನೆಂಥ ಹೆಂಗಸು ಎಂದು ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಬಾಗಿಲಲ್ಲಿ ನಿಂತು ನೀವು ನಡೀರಿ, ಇಲ್ಲ ನೀವು ನಡೀರಿ ಎನ್ನುವುದು ನಮ್ಮವರ ಅಭ್ಯಾಸವೇ. ನಾವು ಮೈಸೂರಿನವರಂತೂ ಈ ಉಪಚಾರದಲ್ಲಿ ಬಡಿಸಿದ ಊಟವನ್ನೇ ತಣ್ಣಗಾಗಿಸಿಬಿಡುತ್ತೇವೆ. ಆದರೆ ಇವಳದು ಬರೀ ಉಪಚಾರವಲ್ಲ ಎಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಆ ಮನೆಯಲ್ಲಿ ಅವಳು ಎಲ್ಲರಿಗಿಂತ ಕೊನೆಗೆ ಉಣ್ಣುತ್ತಿದ್ದಳು, ಕೊನೆಗೆ ಮಲಗುತ್ತಿದ್ದಳು. ಮಾತಾಡಬೇಕಾದರೆ ಉಳಿದವರ ಮಾತೆಲ್ಲ ಮುಗಿಯಬೇಕಿತ್ತು. ಮುಂದಾದ ದಿನ ಏಟು ಬೀಳುತ್ತಿತ್ತು. ಅದನ್ನು ಅವಳು ಸಾರಿಗೆ ಉಪ್ಪು ಸಾಲದು ಎನ್ನುವಷ್ಟು ತಣ್ಣಗೆ ಹೇಳಿದಳು.

ಮೊದಲ ರೋಡ್ ಟೆಸ್ಟ್ ಫೇಲ್. ಪರೀಕ್ಷೆ ಮಾಡಿದ ದಪ್ಪ ಹೆಂಗಸು ಕಾರಿನಿಂದ ಇಳಿದು ನನ್ನ ಹತ್ತಿರ ಬಂದು, ನಿಮ್ಮ ಹುಡುಗಿಗೆ ಮರ್ಯಾದೆ ಜಾಸ್ತಿ, ರಸ್ತೆಯಲ್ಲಿ ಅದೂ ಅಪಾಯ, ನಡೆದು ಹೋಗುವವರಿಗೆ ಬಿಡಲಿ, ಆದರೆ ಹುಲ್ಲಿನ ಮೇಲೆ ಕೂತಿದ್ದ ಅಳಿಲಿಗೂ ದಾರಿ ಬಿಟ್ಟುಕೊಂಡು ನಿಂತಳು ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಕಾರಿನೊಳಗೆ ನೋಡಿದರೆ ಅವಳು ಅಳುತ್ತಿದ್ದಳು. ಡೇಕೇರಿನವರಿಗೆ ಫೋನ್ ಮಾಡಿ ಕೇಳಿದಾಗ, ಈ ತಿಂಗಳು ಕಾಯುತ್ತೇವೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದರು. ಅಷ್ಟರೊಳಗೆ ಅವಳಿಗೆ ಉಳಿದಿದ್ದು ಇನ್ನೊಂದೇ ಟೆಸ್ಟು.

ಉಪಾಯ ಹೇಳಿದವರು ನಮ್ಮ ಯಜಮಾನರು. ಬಾಜಿಯನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಶನಿವಾರ ತಾಯಿ ಮಗಳನ್ನು ನಮ್ಮ ಮನೆಗೇ ಕರೆತಂದೆ. ಮನೆ ಮುಂದಿನ ರಸ್ತೆ ಅಲ್ಲಿಗೇ ಕೊನೆಯಾಗುತ್ತದೆ, ವಾಹನ ಬರುವುದಿಲ್ಲ. ಅಲ್ಲಿ ಸೀಮೆಸುಣ್ಣದಿಂದ ಒಂದು ಚೌಕ ಬರೆದೆವು. ಒಂದು ಕಡೆಯಿಂದ ಯಜಮಾನರು ಹುಲ್ಲು ಕತ್ತರಿಸುವ ಯಂತ್ರ ತಳ್ಳಿಕೊಂಡು ಬಂದರು. ಒಂದು ಕಡೆಯಿಂದ ಮಗು ಕಾಲಿನಿಂದ ತಳ್ಳುವ ಆಟದ ಸ್ಕೂಟರಿನಲ್ಲಿ. ನಾನು ಚಕ್ರವಿರುವ ಕಸದ ಡಬ್ಬಿ ಉರುಳಿಸಿಕೊಂಡು. ಹುಡುಗಿ ಕೈಯಲ್ಲಿ ನಮ್ಮ ಮನೆಯ ಸ್ಟೀಲ್ ತಟ್ಟೆ, ಅದೇ ಸ್ಟೀರಿಂಗ್. ಎದುರು ಮನೆಯ ಅಮೆರಿಕನ್ ಮುದುಕ ಕುರ್ಚಿ ತಂದು ಹಾಕಿಕೊಂಡು ನೋಡಲು ಕೂತ.

ನಾನು ಕಲ್ಲುಸಕ್ಕರೆಯ ದೊಡ್ಡ ತುಂಡನ್ನು ಬಾಯಲ್ಲಿ ಇಟ್ಟುಕೊಂಡಿದ್ದೆ. ಅದು ಕರಗುವ ತನಕ ಮಾತಾಡಕೂಡದು ಎಂದು ಯಜಮಾನರ ಅಪ್ಪಣೆ. ಅವರಾದರೋ ಬೇಕೆಂದೇ ಮೋಸ ಮಾಡಿದರು. ತಡವಾಗಿ ಬಂದು, ಮೊದಲು ನುಗ್ಗಿ, ಏನೂ ಆಗದವರಂತೆ ಯಂತ್ರ ತಳ್ಳಿಕೊಂಡು ಹೋದರು. ಹುಡುಗಿ ಪ್ರತಿ ಸಲವೂ ತಟ್ಟೆ ಹಿಡಿದು ನಿಂತು ಬಿಟ್ಟುಕೊಟ್ಟಳು. ಕೊನೆಗೆ ಮಗುವಿಗೆ ತಡೆಯಲಿಲ್ಲ.

"ತಾತಾ, ನಾಟ್ ಯುವರ್ ಟರ್ನ್! ಅಮ್ಮೀ, ಟೆಲ್ ಹಿಮ್!"

"ಅಂಕಲ್, ನಾನು ಮೊದಲು ಬಂದಿದ್ದು," ಎಂದಳು ಹುಡುಗಿ, ನೆಲಕ್ಕೆ ಕೇಳುವಷ್ಟು.

"ಲೌಡರ್!" ಎಂದಿತು ಮಗು.

"ಅಂಕಲ್! ನಾನು ಮೊದಲು ಬಂದಿದ್ದು!"

"ಓಹೋ, ಹೌದಾ? ಹಾಗಾದ್ರೆ ನೀನೇ ನಡಿಯಮ್ಮ," ಎಂದು ಅವರು ಯಂತ್ರವನ್ನು ಹಿಂದಕ್ಕೆ ಎಳೆದುಕೊಂಡರು. ಅವಳು ತಟ್ಟೆ ತಿರುಗಿಸುತ್ತ ಚೌಕದ ನಡುವೆ ನಡೆದುಹೋದಳು. ಎದುರು ಮನೆಯ ಮುದುಕ ಚಪ್ಪಾಳೆ ತಟ್ಟಿದ. ಅವಳು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. ಆಮೇಲೆ ಎಲ್ಲರಿಗೂ ಬಿಸಿಬೇಳೆಬಾತ್ ಬಡಿಸಿದೆ. ಅವಳನ್ನೇ ಮೊದಲು ಕೂರಿಸಿದೆ, ಅವಳು ಎದ್ದು ನಿಲ್ಲಲು ನೋಡಿದಾಗ ಸೌಟು ತೋರಿಸಿ ಹೆದರಿಸಿದೆ.

ಮರುವಾರ ನಿಜವಾದ ಚೌಕಕ್ಕೆ ಹೋದೆವು. ಅವಳು ಬಂದು ನಿಂತಳು. ಬಲಗಡೆಯಿಂದ ಒಂದು ದೈತ್ಯ ಪಿಕಪ್ ಟ್ರಕ್ಕು ಆಮೇಲೆ ಬಂತು, ನಿಲ್ಲದೆ ಮೆಲ್ಲಗೆ ತೆವಳತೊಡಗಿತು. ಆವತ್ತೂ ನಾನು ಬಾಯಲ್ಲಿಟ್ಟುಕೊಂಡಿದ್ದ ಕಲ್ಲುಸಕ್ಕರೆ ಕರಗಿಹೋಗಿತ್ತು. "ಅಯ್ಯಯ್ಯೋ, ನೋಡ್ಕೋ, ಬರ್ತಿದಾನೆ, ಬಿಟ್ಬಿಡೇ, ಹೋಗ್ಲಿ..." ಎಂದು ಶುರುಮಾಡಿದೆ.

"ಆಂಟಿ, ಸ್ವಲ್ಪ ಸುಮ್ನಿರಿ. ಇದು ನನ್ನ ಟರ್ನು."

ಟ್ರಕ್ಕಿನವನ ಕಡೆ ಒಂದು ಸಲ ನೇರ ನೋಡಿದಳು. ಅವನು ನಿಂತ. ಇವಳು ಹೋದಳು. ನನಗೆ ಯಾರಾದರೂ ಬಾಯಿ ಮುಚ್ಚು ಎಂದರೆ ಅವರ ಜೊತೆ ವರ್ಷಗಟ್ಟಲೆ ಮಾತು ಬಿಡುವವಳು ನಾನು. ಆವತ್ತು ಮಾತ್ರ ಎಂಥ ಸಂತೋಷವಾಯಿತು ಎಂದರೆ, ಅವಳಿಗೆ ಕಾಣದಂತೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.

ಎರಡನೆಯ ಟೆಸ್ಟಿನಲ್ಲಿ ಅದೇ ದಪ್ಪ ಹೆಂಗಸು. ಪಾಸ್. ನಾನು ಲೈಸೆನ್ಸ್ ಆಫೀಸಿನ ಮುಂದೆಯೇ ಕೂಗಿಕೊಂಡ ರಭಸಕ್ಕೆ ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಜಿ ಫೋನಿನಲ್ಲೇ ಅತ್ತರು. ಹಳೆಯ ಕಾರನ್ನು ಅವಳಿಗೇ ಬಿಟ್ಟುಕೊಟ್ಟೆವು. ಸಂಸ್ಥೆಯವರು ಫೇರ್‌ಫ್ಯಾಕ್ಸಿನಲ್ಲೇ ಒಂದು ಪುಟ್ಟ ಅಪಾರ್ಟ್‌ಮೆಂಟ್ ನೋಡಿದರು. ಬೆಳಿಗ್ಗೆ ಮಗುವನ್ನು ನಮ್ಮಲ್ಲಿ ಬಿಟ್ಟು ಹೋಗುವುದು, ಶಾಲೆಯಿಂದ ಅದು ನಮ್ಮ ಮನೆಗೇ ಬರುವುದು, ಕೆಲಸ ಮುಗಿಸಿ ಬಂದು ಇವಳು ಕರೆದುಕೊಂಡು ಹೋಗುವುದು ಎಂದು ಮಾತಾಯಿತು.

ಕೆಲಸದ ಮೊದಲ ದಿನ ಮಧ್ಯಾಹ್ನ ಕಳೆಯಿತು. ಬರಬೇಕಾದ ಹೊತ್ತೂ ಕಳೆಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಡೇಕೇರಿಗೆ ಮಾಡಿದರೆ, ಆಗಲೇ ಹೊರಟರಲ್ಲ ಎಂದರು. ಮಗು ತಾತನ ಜೊತೆ ಚಿತ್ರ ಬರೆಯುತ್ತ ಕೂತಿತ್ತು. ನಾನು ಬಾಗಿಲಿಗೂ ಅಡುಗೆಮನೆಗೂ ನೂರು ಸಲ ಓಡಾಡಿದೆ. ಆಕ್ಸಿಡೆಂಟ್ ಆಯಿತೋ, ಆ ರಾಲಿಯವನು ಅವಳ ಜಾಡು ಹಿಡಿದು ಬಂದನೋ ಎಂದು ಏನೇನೋ ಯೋಚನೆ ಬಂತು. ಬಾಜಿಗೆ ಫೋನ್ ಮಾಡಲು ಕೈಗೆತ್ತಿಕೊಂಡಾಗ ಮನೆ ಮುಂದೆ ಕಾರು ಬಂದು ನಿಂತಿತು. ಇಂಡಿಕೇಟರ್ ಹಾಕಿಕೊಂಡೇ ಬಂದಿದ್ದಳು. ಮುಖದ ಮೇಲೆ ಗಾಳಿಗೆ ಹಾರಿದ ಕೂದಲು, ಕೈಯಲ್ಲಿ ಅರ್ಧ ಕುಡಿದ ಒಂದು ಐಸ್ ಕಾಫಿ.

ಅವಳು ಮೆಟ್ಟಿಲು ಹತ್ತುವ ಮೊದಲೇ ನಾನು ಹೊರಗೆ ಬಂದು ಸಿಡಿದೆ. "ಎಲ್ಲಿಗೆ ಹೋಗಿದ್ದೆ ಇಷ್ಟು ಹೊತ್ತು? ಫೋನ್ ಯಾಕೆ ಎತ್ತಲಿಲ್ಲ?"

ಹೇಳಿದ ಮೇಲೆ ನನಗೇ ಕೇಳಿಸಿತು. ಈ ಪ್ರಶ್ನೆಯನ್ನು ಇದೇ ದನಿಯಲ್ಲಿ ಅವಳು ಎಷ್ಟು ಸಲ ಕೇಳಿಸಿಕೊಂಡಿರಬೇಕು. ಅವಳ ಭುಜಗಳು ಒಂದಿಷ್ಟು ಮೇಲೆ ಹೋದವು. ಆಮೇಲೆ ಅವು ತಾವಾಗಿಯೇ ಕೆಳಗಿಳಿದವು.

"ಡ್ರೈವ್ ಮಾಡ್ವಾಗ ಫೋನ್ ಮುಟ್ಟಬಾರದು ಅಂತ ನೀವೇ ಹೇಳಿದ್ದಲ್ವಾ ಆಂಟಿ?"

"ಸರಿ ಕಣೇ, ಅದು ಸರಿ. ಹೋಗಿದ್ದೆಲ್ಲಿಗೆ?"

ಅವಳು ಕಾಫಿಯನ್ನು ಒಂದು ಗುಟುಕು ಹೀರಿದಳು. "ಹೇಳಲ್ಲ," ಎಂದಳು, ನಗುತ್ತ.

ಒಳಗಿನಿಂದ ಯಜಮಾನರು ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಅವಳು ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ನನಗೆ ಕೈ ಬೀಸಿ ಹೊರಟಳು. ಅಂದು ಅವಳು ಎಲ್ಲಿಗೆ ಹೋಗಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ.